ಮನೆಗೆ ಬಂದ ಬಂಡಲ್, ಕೈಗೆ ಬಾರದ ಕೂಲಿ

ಪ್ರಶ್ನೆ: ಮೇಡಂ, ನಮ್ಮದು ಬಳ್ಳಾರಿಯ ಕೌಲ್ ಬಜಾರ್. ಆರು ವರ್ಷದಿಂದ ಮನೆಯಲ್ಲೇ ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುತ್ತೇನೆ, ಗುಂಡಿ ಹಚ್ಚುತ್ತೇನೆ. ಕಂಟ್ರಾಕ್ಟರ್ ಗಾಡಿಯಲ್ಲಿ ಬಂಡಲ್ ತಂದು ಹಾಕಿ ಹೋಗುತ್ತಾರೆ. ಪೀಸ್‌ಗೆ ಒಂದೂವರೆ ರೂಪಾಯಿ. ಎರಡು ತಿಂಗಳ 5,200 ರೂಪಾಯಿ ಬಾಕಿ ಇದೆ. ಕೇಳಿದರೆ ‘ಎರಡು ಪ್ಯಾಂಟ್ ಡ್ಯಾಮೇಜ್ ಆಗಿದೆ, ಅದಕ್ಕೇ 640 ಹಿಡೀತೀನಿ. ನೀನೇನು ಫ್ಯಾಕ್ಟರಿ ಲೇಬರಾ? ಕಾನೂನು ಮಾತಾಡಬೇಡ’ ಅಂದರು. ನಮಗೆ ಕಾನೂನೇ ಇಲ್ವಾ?
– ಹೆಸರು ಬೇಡ ಎಂದ ಓದುಗರು

ಉತ್ತರ: ಇದೆ ಅಕ್ಕಾ. ಆದರೆ ಅದು ನಿಮ್ಮ ಕೈಗೆ ಸಿಗಬೇಕಾದರೆ ನೀವು ಮೊದಲು ಒಂದು ಕೆಲಸ ಮಾಡಬೇಕು.

ನಮ್ಮಮ್ಮನೂ ಇದೇ ಊರಲ್ಲಿ ಇದೇ ಕೆಲಸ ಮಾಡಿದವಳು. ರೊಟ್ಟಿ ಬಡಿಯಲು ಕೂತರೆ ಹಿಟ್ಟಿಗೂ ಜೀನ್ಸ್‌ನ ನೀಲಿ ತಾಗುತ್ತಿತ್ತು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಒಂದು ಬಂಡಲ್ ಮುಗಿದರೆ ಬಾಗಿಲ ಹಿಂದಿನ ಗೋಡೆಗೆ ಇದ್ದಿಲಿನಲ್ಲಿ ಒಂದು ಗೆರೆ. ಒಂದು ವರ್ಷ ದೀಪಾವಳಿಗೆ ಸುಣ್ಣ ಹೊಡೆದೆವು, ಗೆರೆಗಳೆಲ್ಲ ಹೋದವು. ಕಂಟ್ರಾಕ್ಟರ್ ‘ಹದಿನೆಂಟೇ ಬಂಡಲ್’ ಅಂದ. ಅಮ್ಮನ ಪ್ರಕಾರ ಮೂವತ್ತರ ಮೇಲಿತ್ತು. ಹದಿನೆಂಟರ ದುಡ್ಡೇ ಕೊಟ್ಟ. ಆಮೇಲೆ ನಾನು ವಕೀಲಿ ಓದಿದೆ, ಆದರೂ ಆ ಗೋಡೆ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ಅದಕ್ಕೇ ಹೇಳುತ್ತಿದ್ದೇನೆ, ಇವತ್ತೇ ಒಂದು ನೋಟ್‌ಬುಕ್ ತಗೊಳ್ಳಿ. ಯಾವ ದಿನ, ಎಷ್ಟು ಪೀಸ್ ಬಂತು, ಎಷ್ಟು ಹೋಯ್ತು, ಎಷ್ಟು ದುಡ್ಡು ಕೊಟ್ಟರು, ಎಲ್ಲ ಬರೆಯಿರಿ. ಬಂಡಲ್‌ಗೆ ಕಟ್ಟಿರುವ ಚೀಟಿಯ ಫೋಟೋ ತೆಗೆಯಿರಿ. ಪ್ಯಾಂಟಿನ ಲೇಬಲ್‌ನದೂ ತೆಗೆಯಿರಿ, ಮಾಲು ಯಾವ ಯೂನಿಟ್‌ನದು ಅಂತ ಗೊತ್ತಾಗುತ್ತದೆ. ಕಂಟ್ರಾಕ್ಟರ್ ಕಳಿಸಿದ ವಾಟ್ಸ್‌ಆ್ಯಪ್ ಮೆಸೇಜು, ಫೋನ್‌ಪೇ ಹಣ, ಏನನ್ನೂ ಅಳಿಸಬೇಡಿ.

ಇದಕ್ಕೆ ಇಷ್ಟು ಒತ್ತು ಯಾಕೆ ಅಂದರೆ, 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ನಿಮ್ಮಂಥವರ ಮಾತು ನೇರವಾಗಿಯೇ ಇತ್ತು. ಮಾಲು ಮನೆಗೆ ಒಯ್ದು ಹೊಲಿದು, ತೊಳೆದು, ಸರಿಮಾಡಿ ಕೊಡುವವರೂ ನೌಕರರೇ ಅಂತ ಅದು ಹೇಳುತ್ತಿತ್ತು. ಆ ಜಾಗಕ್ಕೆ 2019ರ ವೇತನ ಸಂಹಿತೆ ಬಂದು, 2025ರ ನವೆಂಬರ್ 21ರಿಂದ ಜಾರಿಯಾಗಿದೆ. ಅದರಲ್ಲಿ ಆ ಸಾಲು ಇಲ್ಲ. ನನಗೆ ಇದು ದೊಡ್ಡ ನಷ್ಟ ಅನ್ನಿಸುತ್ತದೆ. ‘ಇವರಿಗಾಗಿಯೇ ನಾನು ದುಡಿಯುತ್ತಿದ್ದೇನೆ’ ಅಂತ ತೋರಿಸುವ ಭಾರ ಈಗ ನಿಮ್ಮ ಮೇಲೆ ಜಾಸ್ತಿ.

ಹಾಗಂತ ದಾರಿ ಮುಚ್ಚಿಲ್ಲ. 1973ರಲ್ಲಿ ಸುಪ್ರೀಂ ಕೋರ್ಟ್ ಸಿಲ್ವರ್ ಜ್ಯುಬಿಲಿ ಟೈಲರಿಂಗ್ ಹೌಸ್ ಎಂಬ ಅಂಗಡಿಯ ಕೇಸಿನಲ್ಲಿ ತೀರ್ಪು ಕೊಟ್ಟಿದೆ. ಅಲ್ಲಿನ ದರ್ಜಿಗಳಿಗೂ ಪೀಸ್ ಲೆಕ್ಕದಲ್ಲೇ ಕೂಲಿ. ಕೆಲವರು ಬಟ್ಟೆಯನ್ನು ಮನೆಗೂ ಒಯ್ಯುತ್ತಿದ್ದರು. ಆದರೂ ಅವರು ನೌಕರರೇ ಅಂತ ಕೋರ್ಟ್ ಹೇಳಿತು. ಕೆಲಸ ಸರಿಯಿಲ್ಲ ಅಂತ ವಾಪಸ್ ಕೊಟ್ಟು ಮತ್ತೆ ಮಾಡಿಸುವ ಹಕ್ಕು ಅಂಗಡಿಯವರಿಗಿತ್ತು, ಅದೇ ಮುಖ್ಯ ಕಾರಣಗಳಲ್ಲೊಂದು. ನಿಮ್ಮ ಕಂಟ್ರಾಕ್ಟರ್ ಎಷ್ಟು ಸಲ ಪೀಸ್ ವಾಪಸ್ ತಂದು ‘ಮತ್ತೆ ಮಾಡು’ ಅಂದಿಲ್ಲ? ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಇನ್ನು ನಿಮ್ಮ ದುಡ್ಡಿನ ಮಾತು. ನೀವು ನೌಕರರು ಅಂತ ನಿಂತರೆ, ಕೂಲಿ ಕೊಟ್ಟಿದ್ದೇನೆ ಅಂತ ಸಾಬೀತು ಮಾಡಬೇಕಾದವರು ಅವರು, ನೀವಲ್ಲ. ಇದು ಹೊಸ ಸಂಹಿತೆಯಲ್ಲಿರುವ ಒಳ್ಳೆಯ ಮಾತು. ಬಾಕಿ ಕೇಳಲು ಮೂರು ವರ್ಷದವರೆಗೆ ಅವಕಾಶವಿದೆ. ಬಾಕಿಯ ಮೇಲೆ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸಬಹುದು. ಆ 640 ರೂಪಾಯಿಯನ್ನು ಸುಮ್ನೆ ಹಿಡಿಯುವಂತಿಲ್ಲ. ಡ್ಯಾಮೇಜ್ ಯಾರ ತಪ್ಪಿನಿಂದ ಆಯಿತು ಅಂತ ನಿಮ್ಮ ಮಾತು ಕೇಳಿದ ಮೇಲಷ್ಟೇ ಕಡಿತ. ಆ ಪ್ಯಾಂಟ್ ತೋರಿಸಿ ಅಂತ ಕೇಳಿ. ವಾಷಿಂಗ್‌ನಲ್ಲಿ ಆದ ಕಲೆಗೆ ದಾರ ಕತ್ತರಿಸಿದವರು ಯಾಕೆ ದುಡ್ಡು ಕಟ್ಟಬೇಕು?

ಪೀಸ್ ಲೆಕ್ಕದವರಿಗೂ ಕನಿಷ್ಠ ವೇತನ ಉಂಟು. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿಕೊಳ್ಳುವುದು ಬಲವಂತದ ದುಡಿಮೆ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ದಿನಕ್ಕೆ ಎಷ್ಟು ಗಂಟೆ ಕೂತಿರಿ ಅನ್ನೋದನ್ನೂ ಬರೆಯಿರಿ. ಒಂದೂವರೆ ರೂಪಾಯಿ ಎಷ್ಟು ಕಡಿಮೆ ಅಂತ ಆಗಲೇ ಲೆಕ್ಕ ಸಿಗುತ್ತದೆ.

ಹೋಗಬೇಕಾದದ್ದು ಕಾರ್ಮಿಕ ಇಲಾಖೆಯ ಕಚೇರಿಗೆ. ವಕೀಲರ ಫೀಸಿಗೆ ಹೆದರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಫೋನ್ 15100. ಅಸಂಘಟಿತ ಕಾರ್ಮಿಕರಿಗೆ ಸರ್ಕಾರ ಕೊಡುವ ಇ-ಶ್ರಮ್ ಕಾರ್ಡ್ ಇಲ್ಲದಿದ್ದರೆ ಅದನ್ನೂ ಮಾಡಿಸಿ, ಅದಕ್ಕೆ ದುಡ್ಡಿಲ್ಲ.

ದೂರು ಕೊಟ್ಟರೆ ಬಂಡಲ್ ನಿಲ್ಲಿಸುತ್ತಾರೆ ಅನ್ನುವ ಭಯ ನಿಮ್ಮ ಪತ್ರದಲ್ಲಿ ಬರೆಯದೆಯೂ ಕಾಣುತ್ತದೆ. ಅದು ಸುಳ್ಳು ಭಯ ಅಂತ ನಾನು ಹೇಳುವುದಿಲ್ಲ. ಅದಕ್ಕೇ ಒಬ್ಬರೇ ಹೋಗಬೇಡಿ. ನಿಮ್ಮ ಓಣಿಯಲ್ಲಿ ಅದೇ ಗಾಡಿಯಿಂದ ಮಾಲು ಇಳಿಸಿಕೊಳ್ಳುವ ನಾಲ್ಕು ಮನೆಯವರಾದರೂ ಇರುತ್ತಾರಲ್ವಾ? ಅವರೂ ನೋಟ್‌ಬುಕ್ ಬರೆಯಲಿ, ನಾಲ್ವರೂ ಒಟ್ಟಿಗೆ ಹೋಗಿ. ನೀವು ಯಾವುದಾದರೂ ನೋಂದಾಯಿತ ಕಾರ್ಮಿಕ ಸಂಘದ ಸದಸ್ಯರಾದರೆ ನಿಮ್ಮ ಪರವಾಗಿ ಸಂಘವೇ ಅರ್ಜಿ ಹಾಕಬಹುದು. ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಕೂಡ ಹಾಕಬಹುದು. ಅರ್ಜಿ ಕೊಟ್ಟ ದಿನ ಸೀಲು ಹಾಕಿದ ಪ್ರತಿ ಕೇಳಿ ತಗೊಳ್ಳಿ. ಅದನ್ನು ಅದೇ ನೋಟ್‌ಬುಕ್ಕಿಗೆ ಅಂಟಿಸಿಡಿ.