ತಾತ ಮಿಲಿಟರಿ ಬಗ್ಗೆ ಏನೂ ಹೇಳದೆ ಹೋದ್ರು, ಸ್ಮರಣೆ ಕೂಟದಲ್ಲಿ ಅವ್ರ ಬಗ್ಗೆ ಏನಂತ ಮಾತಾಡ್ಲಿ?

ನಿಮ್ಮ ಪ್ರಶ್ನೆ ಓದಿದ ತಕ್ಷಣ ನಮ್ಮ ತಾತನೇ ಕಣ್ಮುಂದೆ ಬಂದ್ರು. ಮಿಲಿಟರಿಲಿದ್ರು, ರಿಟೈರ್ ಆಗಿ ಬಂದ್ಮೇಲೆ ಚರ್ಚು, ಊರಿನ ಕೆಲ್ಸ ಅಂತಾನೇ ಓಡಾಡಿದ್ರು, ಯುದ್ಧದ ಬಗ್ಗೆ ಬಾಯೇ ಬಿಟ್ಟಿಲ್ಲ, ಈಗ ಎಲ್ಲರ ಮುಂದೆ ನಿಂತು ನಾಕು ಮಾತಾಡು ಅಂದ್ರೆ ಏನ್ ಹೇಳ್ಲಿ ಅಂತ ಕೇಳಿದ್ದೀರ. 2022ರಲ್ಲಿ ನಂದೂ ಥೇಟ್ ಇದೇ ಪರಿಸ್ಥಿತಿ.

ನಮ್ದು ತುಮಕೂರು ಕಡೆ. ತಾತ ಸೇರಿದ್ದು 1963ರಲ್ಲಿ, ಚೀನಾ ಯುದ್ಧ ಮುಗಿದು ಸೈನ್ಯಕ್ಕೆ ಜನ ತಗೋತಿದ್ರಲ್ಲ ಆಗ, ಬೆಂಗ್ಳೂರಿಗೆ ಹೋಗಿ ಹಲಸೂರು ಕೆರೆ ಹತ್ರ ಎಂಇಜಿಲಿ ಭರ್ತಿ ಆದ್ರು. ಎಂಇಜಿ ಅಂದ್ರೆ ಮದ್ರಾಸ್ ಎಂಜಿನಿಯರ್ ಗ್ರೂಪ್, ಮದ್ರಾಸ್ ಸ್ಯಾಪರ್ಸ್ ಅಂತಾನೂ ಕರೀತಾರೆ, 1780ರಿಂದ ಇರೋ ಪಡೆ, ಸೇತುವೆ ಹಾಕೋದು, ರಸ್ತೆ ಮಾಡೋದು, ನೆಲದಲ್ಲಿ ಹೂತಿಟ್ಟ ಬಾಂಬು, ಅಂದ್ರೆ ಮೈನ್, ತೆಗೆಯೋದು ಇವ್ರ ಕೆಲ್ಸ. ಸೈನ್ಯದಲ್ಲಿ ಇವ್ರನ್ನ 'ತಂಬಿ'ಗಳು ಅಂತಾರೆ, ತಮಿಳಲ್ಲಿ ತಮ್ಮ ಅಂತ, ತಾತನ ಕನ್ನಡದಲ್ಲಿ ಅರ್ಧ ತಮಿಳು ಬೆರೆತಿದ್ದಿದ್ದು ಅದಕ್ಕೇ. ಮುಳ್ಳುತಂತಿ ಬೇಲಿ ಸಿಡಿಸೋಕೆ ಪ್ರಪಂಚದ ಸೈನ್ಯಗಳೆಲ್ಲ ಬಳಸೋ 'ಬೆಂಗಳೂರು ಟಾರ್ಪೆಡೊ' 1912ರಲ್ಲಿ ಇವ್ರೇ ಇಲ್ಲಿ ಮಾಡಿದ್ದು, ಇದನ್ನ ತಾತ ಹೇಳ್ತಿದ್ರು, ಎದೆ ಉಬ್ಬಿಸಿಕೊಂಡು ಹೇಳ್ತಿದ್ರು. ಆದ್ರೆ ತಮ್ಮ ಬಗ್ಗೆ? ಉಹೂಂ.

ತೀರ್ಕೊಂಡ್ಮೇಲೆ ಕರೀ ಟ್ರಂಕ್ ತೆಗೆದ್ವಿ, ಮೇಲೆ ಬಿಳಿ ಪೇಂಟಲ್ಲಿ ನಂಬರು, ಹೆಸರು. ಒಳಗೆ ಸಂಗ್ರಾಮ್ ಮೆಡಲ್, ಪಶ್ಚಿಮೀ ಸ್ಟಾರ್. ನಿಮ್ಮನೇಲೂ ಮೆಡಲ್ ಇದ್ರೆ ಮೊದ್ಲು ಅದನ್ನ ನೋಡಿ, ಅಂಚಲ್ಲಿ ನಂಬರು ಹೆಸರು ಕೊರೆದಿರ್ತಾರೆ. 71ರ ಯುದ್ಧದಲ್ಲಿ ಪಾಕಿಸ್ತಾನದ ಗಡಿ ಕಡೆ ಇದ್ದೋರಿಗೆ ಪಶ್ಚಿಮೀ, ಬಾಂಗ್ಲಾ ಕಡೆ ಇದ್ದೋರಿಗೆ ಪೂರ್ವೀ ಸ್ಟಾರ್. ಡಿಸ್ಚಾರ್ಜ್ ಬುಕ್ ಸಿಕ್ರೆ ಇನ್ನೂ ಒಳ್ಳೇದು, ಯಾವಾಗ ಸೇರಿದ್ರು ಯಾವಾಗ ಬಿಟ್ರು ಎಲ್ಲ ಅದ್ರಲ್ಲಿರುತ್ತೆ, ಆ ನಂಬರ್ ಹಾಕಿ ಅವ್ರ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ಒಂದು ಪತ್ರ ಬರೀರಿ.

ನಮ್ಮ ತಾತ ಇದ್ದಿದ್ದು ಪಾಕಿಸ್ತಾನದ ಶಕರ್‌ಗಢ್ ಕಡೆ, ಬಸಂತರ್ ಹೊಳೆ ಹತ್ರ. ಅಪ್ಪ ಒಂದ್ಸಲ ಬಿಡದೆ ಕೇಳಿದ್ದಕ್ಕೆ 'ನಾವು ಟೇಪ್ ಹಾಕ್ಕೊಂಡ್ ಹೋದ್ವಿ, ಹಿಂದೆ ಟ್ಯಾಂಕ್ ಬಂತು' ಅಂದಿದ್ರಂತೆ, ಅಷ್ಟೇ, ಎದ್ದು ಹಸುಗೆ ನೀರಿಡೋಕೆ ಹೋದ್ರಂತೆ. ಆಮೇಲೆ ನಾನೇ ಓದಿ ತಿಳ್ಕೊಂಡಿದ್ದು: ಡಿಸೆಂಬರ್ 15ರ ರಾತ್ರಿ ಸ್ಯಾಪರ್‌ಗಳು ಮೈನ್ ಹೂತಿದ್ದ ನೆಲದಲ್ಲಿ ಟೇಪ್ ಹಾಕಿ ಗುರುತು ಮಾಡ್ತಾ ಟ್ಯಾಂಕಿಗೆ ದಾರಿ ಬಿಡಿಸ್ತಿದ್ರು, ಕೆಲ್ಸ ಪೂರ್ತಿ ಮುಗಿಯೋ ಮೊದ್ಲೇ ಪೂನಾ ಹಾರ್ಸ್ ಅನ್ನೋ ನಮ್ಮ ರೆಜಿಮೆಂಟಿನ ಟ್ಯಾಂಕ್‌ಗಳು ಅದೇ ಅರೆಬರೆ ದಾರಿಲಿ ನುಗ್ಗಿದ್ವು, 21 ವರ್ಷದ ಅರುಣ್ ಖೇತರ್‌ಪಾಲ್ ಮಾರನೇ ದಿನ ಹೋರಾಡಿ ಸತ್ತು ಪರಮವೀರ ಚಕ್ರ ಬಂದಿದ್ದು ಅಲ್ಲೇ.

ಈಗ ನಾನು ಹೇಳ್ಬೇಕು ಅಂದ್ಕೊಂಡಿದ್ದು. ತಾತ ನೆಲಕ್ಕೆ ಏನೇ ಚುಚ್ಚಿದ್ರೂ ನೇರಕ್ಕೆ ಚುಚ್ಚುತ್ತಿರ್ಲಿಲ್ಲ. ಬಾಳೆ ಕಂದು ನೆಡೋಕೆ ಗುಂಡಿ ತೋಡ್ಬೇಕಾದ್ರೂ ಮೊದ್ಲು ಕುಕ್ಕರುಗಾಲಲ್ಲಿ ಕೂತು ಕಂಬಿನ ಓರೆಯಾಗಿ, ಮೆಲ್ಲಗೆ, ಎರಡು ಬೆರಳಲ್ಲಿ ಹಿಡಿದು ತಳ್ಳೋರು, ಸ್ವಲ್ಪ ತಡೆದಂಗಾದ್ರೆ ನಿಲ್ಲಿಸಿ ಕೈಲಿ ಮಣ್ಣು ಸರಿಸೋರು. ನಾವು ಹುಡುಗ್ರು ನಗ್ತಿದ್ವಿ. ಯಾಕ್ ತಾತ ಅಂದ್ರೆ 'ಅಭ್ಯಾಸ' ಅನ್ನೋರು. ಮೈನ್ ಹುಡುಕೋದು ಹಂಗೇ ಅಂತೆ, ಮೇಲಿಂದ ನೇರಕ್ಕೆ ಒತ್ತಿದ್ರೆ ಸಿಡಿಯುತ್ತೆ, ಓರೆಯಾಗಿ ಹೋದ್ರೆ ಪಕ್ಕಕ್ಕೆ ತಾಗುತ್ತೆ. ಇದು ನಂಗೆ ಗೊತ್ತಾದಾಗ ಇಪ್ಪತ್ತೈದು ವರ್ಷ ಆಗಿತ್ತು, ಅವತ್ತು ನಗು ಬರ್ಲಿಲ್ಲ.

81ರಲ್ಲಿ ಹವಾಲ್ದಾರ್ ಆಗಿ ಪೆನ್ಷನ್ ಬಂದ್ರು, ಬ್ಯಾಂಕಲ್ಲಿ ವಾಚ್‌ಮನ್ ಕೆಲ್ಸ ಮಾಡಿದ್ರು, ಅದೆಲ್ಲ ಎಲ್ಲಾ ಮಾಜಿ ಸೈನಿಕರ ಕಥೆನೇ. ನಮ್ಮದು ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚು, ಹಿಂದೆ ಇಂಗ್ಲೆಂಡಿಂದ ಬಂದ ವೆಸ್ಲಿಯನ್ ಮಿಷನ್ ಕಾಲದ್ದು. ಕುಡಿತ ಕಂಡ್ರೆ ಆಗದ ಸಭೆ, ತಾತ ಸಭೆ ಹಿರಿಯರು, ಜೇಬಲ್ಲಿ ಮಾತ್ರ ಕಡಿಮೆ ರೇಟಿಗೆ ರಮ್ಮೂ ಸಿಗೋ ಮಿಲಿಟರಿ ಕ್ಯಾಂಟೀನ್ ಕಾರ್ಡು! ರಮ್ ತಂದ್ಕೊಡಿ ಅಂತ ನೆಂಟ್ರೆಲ್ಲ ಬೆನ್ನು ಬೀಳೋರು, ಇವ್ರು ಕುಕ್ಕರ್, ಸೋಪು ತರೋರು, ಬಾಟಲಿ ಮಾತ್ರ ಮುಟ್ಟಲಿಲ್ಲ, ಒಬ್ಬ ಭಾವಮೈದ ಅದಕ್ಕೇ ಎರಡು ವರ್ಷ ಮಾತು ಬಿಟ್ಟಿದ್ರು.

ಚರ್ಚಲ್ಲಿ ಪ್ರಸಂಗ ಮಾಡೋಕೆ ಬರ್ತಿರ್ಲಿಲ್ಲ, ಕೀರ್ತನೆ ಹಾಡಿದ್ರೆ ಶ್ರುತಿ ಒಂದ್ಕಡೆ ಇವ್ರು ಒಂದ್ಕಡೆ. ಚರ್ಚಿನ ಸುಗ್ಗಿ ಹಬ್ಬದಲ್ಲಿ ಕಾಣಿಕೆ ಬಂದಿದ್ದನ್ನ ಹರಾಜು ಹಾಕುವಾಗ ಕುಂಬಳಕಾಯಿ ಎತ್ತಿ ಹಿಡಿದು ರೇಟು ಕೂಗೋದು, ಅದ್ರಲ್ಲಿ ಮಾತ್ರ ಎತ್ತಿದ ಕೈ. ಆದ್ರೆ ಇವ್ರು ಒಪ್ಪಿಕೊಂಡ ನಿಜವಾದ ಕೆಲ್ಸ ಯಾರಿಗೂ ಬೇಡದ್ದು, ಸಮಾಧಿ ಜಾಗ ನೋಡ್ಕೊಳ್ಳೋದು. ಜಾಗ ಚಿಕ್ಕದು, ಹಳೇ ಬಡವರ ಸಮಾಧಿಗಳಿಗೆ ಕಲ್ಲಿಲ್ಲ, ಹೊಸ ಗುಂಡಿ ತೋಡೋಕೆ ಹೋಗಿ ಒಂದ್ಸಲ ಯಾರದೋ ಹಳೇ ಪೆಟ್ಟಿಗೆಗೆ ಗುದ್ದಲಿ ತಾಗಿ ಸಾವಿನ ಮನೆಯೋರ ಎದುರೇ ದೊಡ್ಡ ಗಲಾಟೆ ಆಯ್ತು. ಮಾರನೇ ದಿನದಿಂದ ತಾತ ಕಂಬಿ ತಗೊಂಡು ಹೋಗೋಕೆ ಶುರು ಮಾಡಿದ್ರು. ಮುಂಚೆ ಅಗೆದ ಮಣ್ಣು ಸಡಿಲ, ಕಂಬಿ ಸಲೀಸಾಗಿ ಇಳಿಯುತ್ತೆ, ಮುಟ್ಟದ ನೆಲ ಗಟ್ಟಿ. ಅದೇ ಓರೆ, ಅದೇ ಎರಡು ಬೆರಳು. ಸುಣ್ಣದಲ್ಲಿ ಗೆರೆ ಎಳ್ಕೊಂಡು ದಿನಾ ಸಂಜೆ ಒಂದೊಂದು ಸಾಲು, ಮಳೆಗಾಲ ಬಿಟ್ಟು ಎರಡು ವರ್ಷ. ಕೊನೆಗೆ ಒಂದು ಚೌಕುಳಿ ನೋಟ್‌ಬುಕ್ಕಲ್ಲಿ ಇಡೀ ಜಾಗದ ನಕ್ಷೆ.

ಇನ್ನೊಂದು, ನವೆಂಬರ್ ಬಂದ್ರೆ ಟಿವಿಎಸ್ ಎಕ್ಸೆಲ್ಲಲ್ಲಿ ಸುತ್ತಮುತ್ತಲ ಸೈನಿಕರ ವಿಧವೆಯರನ್ನ ಒಬ್ಬೊಬ್ಬರನ್ನೇ ಹಿಂದೆ ಕೂರಿಸ್ಕೊಂಡು ಲೈಫ್ ಸರ್ಟಿಫಿಕೇಟ್ ಕೊಡಿಸೋಕೆ ಹೋಗೋರು, ಆ ತಿಂಗಳಲ್ಲಿ ಬದುಕಿದ್ದೀನಿ ಅಂತ ತೋರಿಸದಿದ್ರೆ ಪೆನ್ಷನ್ ನಿಲ್ತಿತ್ತಲ್ಲ. 2014ರಲ್ಲಿ ಬೆರಳೊತ್ತೋ ಮೆಷಿನ್ ಬಂದ್ಮೇಲೆ ಹೊಸ ಪಜೀತಿ, ಕೂಲಿ ಮಾಡಿ ಬೆರಳು ಸವೆದು ಒಬ್ಬ ಅಜ್ಜಿದು ಅಚ್ಚೇ ಬರ್ತಿರ್ಲಿಲ್ಲ. ಬ್ಯಾಂಕಿನ ಹುಡ್ಗ ನಾಳೆ ಬನ್ನಿ ಅಂದ. ತಾತ ಅಲ್ಲೇ ಕೂತು ಅಜ್ಜಿ ಕೈ ಒರೆಸಿ ಕೊಬ್ಬರಿ ಎಣ್ಣೆ ಹಚ್ಚಿ, ಮತ್ತೆ ಒರೆಸಿ ಒಂದೊಂದೇ ಬೆರಳು ಇಡಿಸಿದ್ರು, ಉಂಗುರದ ಬೆರಳು ತಗೊಳ್ತು. ಆ ಅಜ್ಜಿ ನಮ್ಮ ಸಭೆಯವರಲ್ಲ, ಜಾತಿ ಧರ್ಮ ಕೇಳೋ ಅಭ್ಯಾಸ ತಾತಂಗೆ ರೆಜಿಮೆಂಟಲ್ಲೇ ಹೋಗಿತ್ತು, ಅಲ್ಲಿ ಒಂದೇ ಸೂರಿನಡಿ ಎಲ್ಲಾ ದೇವ್ರೂ ಇರ್ತಾರಂತೆ.

ಸ್ಮರಣೆ ಕೂಟದಲ್ಲಿ ನಾನು ಯುದ್ಧದ ವೀರಗಾಥೆ ಏನೂ ಹೇಳ್ಲಿಲ್ಲ, ಗೊತ್ತಿಲ್ದಿದ್ದನ್ನ ಗೂಗಲ್ ಮಾಡಿ ಹೇಳಿದ್ರೆ ತಾತಂಗೇ ಸರಿ ಅನ್ಸಲ್ಲ. ಕಂಬಿ ಓರೆ ಹಿಡಿಯೋದನ್ನ ಹೇಳ್ದೆ, ಆ ಅಜ್ಜಿ ಬೆರಳಿಂದು ಹೇಳ್ದೆ, ಐದು ನಿಮಿಷ. ನೀವೂ ಹಂಗೇ ಮಾಡಿ, ನಿಮ್ಮ ತಾತನ ಕೈ ಏನು ಮಾಡ್ತಿತ್ತು ಅಂತ ನೆನಪಿಸ್ಕೊಳ್ಳಿ, ಮನೇಲಿ ದೊಡ್ಡೋರನ್ನ ಕೇಳಿ, ಯಾವುದಾದ್ರೂ ಒಂದು ಸಿಕ್ಕೇ ಸಿಗುತ್ತೆ.

ಹೋದ ತಿಂಗಳು ಸಭೆಲಿ ಒಬ್ರು ತೀರ್ಕೊಂಡ್ರು, ಕಮಿಟಿಯೋರು ನೋಟ್‌ಬುಕ್ ತಗೊಂಡು ಬಾ ಅಂದ್ರು. ಖಾಲಿ ಜಾಗದ ಮೇಲೆ 'ಗೋಡೆಯಿಂದ 14, ಬೇವಿನ ಮರದಿಂದ 6' ಅಂತ ಬರೆದಿದ್ರು. 14 ಏನು, ಅಡಿನಾ, ಮೀಟರಾ? ಎರಡೂ ಅಳೆದ್ವಿ, ಒಂದ್ರಲ್ಲಿ ಕಲ್ಲಿನ ಮೇಲೆ ಬಂತು, ಇನ್ನೊಂದ್ರಲ್ಲಿ ಗೇಟ್ ಹತ್ರ ಹೋಯ್ತು. ಅಪ್ಪಂಗೇ ಹೊಳೀತು, ಹೆಜ್ಜೆ, ಪೆರೇಡ್ ಹೆಜ್ಜೆ, 30 ಇಂಚು. ಟೇಪ್ ಹಿಡಿದು 35 ಅಡಿ, 15 ಅಡಿ ಅಳೆದು ನಾನು ಕಂಬಿ ಇಳಿಸೋಕೆ ಹೋದೆ. ಅಪ್ಪ ಹಿಂದಿಂದ ಬಂದು ಏನೂ ಮಾತಾಡ್ದೆ ಕಂಬಿನ ಓರೆ ಮಾಡಿ ಕೊಟ್ರು.