ಯೂನಿಯನ್ ಸೇರಲ್ಲ ಅಂತ ಸಹಿ ಹಾಕಿದ್ದೇನೆ, ಈಗೇನು ಮಾಡಲಿ?

ಪ್ರಶ್ನೆ: ಕೆಲಸಕ್ಕೆ ಸೇರುವಾಗ 'ಯಾವ ಯೂನಿಯನ್ನಿಗೂ ಸೇರುವುದಿಲ್ಲ' ಅಂತ ಬರೆಸಿಕೊಂಡಿದ್ದರು. ಈಗ ನಾವೊಂದಷ್ಟು ಜನ ಯೂನಿಯನ್ ಕಟ್ಟಲು ಹೊರಟರೆ ಆ ಕಾಗದ ತೋರಿಸಿ ಹೆದರಿಸುತ್ತಿದ್ದಾರೆ. ಬೇಕಿದ್ದರೆ ಕಂಪನಿಯೇ ಒಂದು ಸಂಘ ಮಾಡಿಕೊಡುತ್ತದಂತೆ. ನಮ್ಮ ಹಕ್ಕು ಹೋಯಿತಾ ಸರ್?

ಉತ್ತರ: ಒಂದು ಸಹಿಗೆ ಹೋಗುವಂಥ ಹಕ್ಕಲ್ಲ ಅದು. ಈ ಕಾಗದದ ಆಟ ಬಹಳ ಹಳೆಯದು. ಅದಕ್ಕೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ (ಐಎಲ್‌ಒ) 1949ರ 98ನೇ ಒಡಂಬಡಿಕೆಯಲ್ಲಿ ಇದರ ಬಗ್ಗೆ ನೇರವಾಗಿಯೇ ಇದೆ: ಯೂನಿಯನ್ ಸೇರಬಾರದು, ಸೇರಿದ್ದರೆ ಬಿಡಬೇಕು ಅನ್ನುವ ಷರತ್ತಿನ ಮೇಲೆ ಕೆಲಸ ಕೊಡುವಂತಿಲ್ಲ, ಸೇರಿದ್ದಕ್ಕೆ ತೆಗೆಯುವಂತೆಯೂ ಇಲ್ಲ. ಅದಕ್ಕೂ ಹಿಂದಿನ ವರ್ಷದ 87ನೇ ಒಡಂಬಡಿಕೆ, ಸಂಘ ಕಟ್ಟಲು ಮೊದಲೇ ಯಾರ ಅಪ್ಪಣೆಯೂ ಬೇಡ ಅನ್ನುತ್ತದೆ. ಪೊಲೀಸರು, ಸೈನಿಕರ ವಿಷಯ ಮಾತ್ರ ಆಯಾ ದೇಶಕ್ಕೆ ಬಿಟ್ಟದ್ದು. ಆದರೆ ಒಡಂಬಡಿಕೆಗೆ ಸಹಿ ಹಾಕುವುದು ಸರ್ಕಾರಗಳು. ನೀವು ದೂರು ಕೊಡುವುದು ನಿಮ್ಮ ದೇಶದ ಕಾನೂನಿನ ಪ್ರಕಾರ, ಹಾಗಾಗಿ ಆ ಕಾಗದದ ಪ್ರತಿ ತೆಗೆದುಕೊಂಡು ಹೋಗಿ ಕಾರ್ಮಿಕ ವಕೀಲರೊಬ್ಬರಿಗೆ ತೋರಿಸಿ.

ಕಾಗದಕ್ಕಿಂತ ನನಗೆ ಜಾಸ್ತಿ ಅನುಮಾನ ಕಂಪನಿ ಕಟ್ಟಿಕೊಡುವ ಸಂಘದ ಮೇಲೆ. ದುಡ್ಡು ಕಂಪನಿಯದು, ಅಧ್ಯಕ್ಷ ಮ್ಯಾನೇಜರ್ ಆರಿಸಿದವನು, ಆಮೇಲೆ ಸಂಬಳ ಹೆಚ್ಚಿಸಿ ಅಂತ ಅವನು ಯಾವ ಬಾಯಲ್ಲಿ ಕೇಳುತ್ತಾನೆ? ಯೂನಿಯನ್ನನ್ನು ಹೀಗೆ ಮಾಲೀಕರ ಹಿಡಿತಕ್ಕೆ ತಂದುಕೊಳ್ಳುವುದನ್ನೂ ಅದೇ 98ನೇ ಒಡಂಬಡಿಕೆ ಹಸ್ತಕ್ಷೇಪ ಅಂತಲೇ ಕರೆಯುತ್ತದೆ.

ಇನ್ನು, ಕೇಸು ನಿಲ್ಲುವುದೋ ಬೀಳುವುದೋ ತಾರೀಕುಗಳ ಮೇಲೆ. 'ಯೂನಿಯನ್ ಮಾಡಿದ್ದಕ್ಕೆ ತೆಗೆದೆವು' ಅಂತ ಯಾವ ಕಂಪನಿಯೂ ಬರೆದುಕೊಡಲ್ಲ, ಅಲ್ವಾ? ಐದು ವರ್ಷ ಒಂದೂ ಮೆಮೊ ಇಲ್ಲದವನಿಗೆ ಮೀಟಿಂಗ್ ಆದ ಮರುವಾರವೇ ಮೂರು ಮೆಮೊ ಬರುತ್ತದೆ, ಹತ್ತು ನಿಮಿಷ ತಡ, ಎದುರು ಮಾತು, ಇನ್ನೇನೋ. ಅವುಗಳನ್ನೆಲ್ಲ, ದಿಢೀರ್ ಶಿಫ್ಟ್ ಬದಲಿಸಿದ ಮೆಸೇಜುಗಳನ್ನೂ, ತಾರೀಕಿನ ಸಮೇತ ಎತ್ತಿಡಿ. ಸದಸ್ಯತ್ವದ ಫಾರಂ ಮಾತ್ರ ಡ್ಯೂಟಿಯಲ್ಲಿ ಹಂಚಬೇಡಿ. ರಕ್ಷಣೆ ಇರುವುದು ಕೆಲಸದ ಹೊತ್ತಿನ ಆಚೆ ಮಾಡುವುದಕ್ಕೆ. ಡ್ಯೂಟಿಯಲ್ಲಾದರೆ ಮಾಲೀಕರ ಒಪ್ಪಿಗೆ ಬೇಕು.

ನೋಂದಣಿ ಆದ ಕೂಡಲೇ ಕಂಪನಿ ಮಾತುಕತೆಗೆ ಕೂರಬೇಕು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ನೋಂದಣಿಯೇ ಬೇರೆ, ಮಾನ್ಯತೆ, ಅಂದರೆ ಕಾರ್ಮಿಕರ ಪರ ಮಾತಾಡುವ ಸಂಘ ಇದೇ ಅಂತ ಒಪ್ಪಿಕೊಳ್ಳುವುದೇ ಬೇರೆ. ಮಾನ್ಯತೆಗೆ ಹಲವು ದೇಶಗಳಲ್ಲಿ ಎಷ್ಟು ಜನ ನಿಮ್ಮ ಕಡೆ ಇದ್ದಾರೆ ಅಂತ ನೋಡುತ್ತಾರೆ. ಕೂತರೂ ಪ್ರಾಮಾಣಿಕವಾಗಿ ಚರ್ಚಿಸಬೇಕು ಅಷ್ಟೇ, ಕೇಳಿದ್ದೆಲ್ಲ ಕೊಡಲೇಬೇಕು ಅಂತಿಲ್ಲ. ಹಾಗಾಗಿ ಬೇಡಿಕೆ ಪಟ್ಟಿಗೆ ಆತುರ ಬೇಡ, ಮೊದಲು ಸದಸ್ಯರ ಪಟ್ಟಿ ಮಾಡಿ. ಅದನ್ನು ಸುಮ್ನೆ ಕಂಪನಿಯ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿಬಿಟ್ಟೀರಿ ಮತ್ತೆ!