ಸುಮಾರು 28 ಮಿ.ಮೀ. ಎತ್ತರದ ಸೈನಿಕ ಬೊಂಬೆಗಳಿಂದ (ಫಿಗರ್‌ಗಳಿಂದ) ಮೇಜಿನ ಮೇಲೆ ಆಡುವ ವಾರ್‌ಗೇಮ್‌ಗೆ ದನ-ಕುರಿ ಮಾದರಿಗಳು ಎಲ್ಲಿ ಸಿಗುತ್ತವೆ? ಓ ಗೇಜ್ ಎಂಬ ಅಳತೆಯ ರೈಲುಮಾದರಿಯ ದನ ನಡೆಯುತ್ತದೆಯೇ?

ನಡೆಯುವುದಿಲ್ಲ. ನೀವು ಕೊಟ್ಟ ಪಟ್ಟಿ ನೋಡಿದರೆ ನನ್ನ ಮೊದಲ ಪಟ್ಟಿಯನ್ನೇ ಯಾರೋ ನಕಲು ಮಾಡಿದಂತಿದೆ: 16ನೇ ಶತಮಾನದ ಇಂಗ್ಲೆಂಡ್–ಸ್ಕಾಟ್ಲೆಂಡ್ ಗಡಿಯ ತುರುಗೋಳು, 28 ಮಿ.ಮೀ. ಫಿಗರ್‌ಗಳು, 20 ದನ, 30 ಕುರಿ, 6 ಹಂದಿ. "28 ಮಿ.ಮೀ. ಎಂದು ಬರೆದ ದನ ಸಿಗದಿದ್ದರೆ 1:48 ಅಥವಾ 1:43 ಸ್ಕೇಲಿನದು ತಗೊಂಡರಾಯಿತು, ಸ್ವಲ್ಪ ದೊಡ್ಡದಾದರೆ ಏನಂತೆ" ಎಂಬ ತರ್ಕವೂ ಅದೇ. ಆ ತರ್ಕದಿಂದ ತರಿಸಿದ ಹಿಂಡು ನನಗೆ ದಂಡವಾಯಿತು. ತಪ್ಪು ಎಲ್ಲಿದೆ ಎಂಬುದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಅದು ಸರಿಹೋದರೆ ಉಳಿದ ಮುಕ್ಕಾಲು ಪಾಲು ಪ್ರಶ್ನೆ ತಾನೇ ಕರಗುತ್ತದೆ.

ಡಬ್ಬಿಯ ಮೇಲಿನ ಸ್ಕೇಲ್ ಹೇಳುವುದು ಶಿಲ್ಪಿ ಯಾವ ಅನುಪಾತದಲ್ಲಿ ಕಿರಿದು ಮಾಡಿದ ಎಂಬುದನ್ನು ಮಾತ್ರ. ಅವನು ಯಾವ ದನವನ್ನು ಕಿರಿದು ಮಾಡಿದ ಎಂದು ಅದು ಹೇಳುವುದಿಲ್ಲ. ರೈಲುಮಾದರಿಯ ದನಗಳಲ್ಲಿ ಹೆಚ್ಚಿನವು ಇಂದಿನ ಹಾಲಿನ ತಳಿಗಳು, ಅದರಲ್ಲೂ ಕಪ್ಪು-ಬಿಳಿ ಹೋಲ್‌ಸ್ಟೀನ್. ಆ ಹಸುವಿನ ಭುಜದ ಎತ್ತರ ಸುಮಾರು 145 ಸೆಂ.ಮೀ. ಮಧ್ಯಯುಗದ ಬ್ರಿಟನ್ನಿನ ದನ 105ರಿಂದ 115 ಸೆಂ.ಮೀ. ಆಸುಪಾಸಿನದು, ಗಂಡಸಿನ ಸೊಂಟದ ಮೇಲಕ್ಕೆ ಬರುತ್ತಿತ್ತು, ಎದೆ ಮುಟ್ಟುತ್ತಿರಲಿಲ್ಲ. ನಾವಿಂದು ಕಾಣುವ ಭಾರಿ ಮೈಯ ದನಗಳು ಹೆಚ್ಚಾಗಿ 18ನೇ ಶತಮಾನದಿಂದೀಚಿನ ಆಯ್ದ ತಳಿ ಸಾಕಣೆಯ ಫಲ. ಆ ಕೆಲಸದಲ್ಲಿ ಹೆಸರಾದ ಇಂಗ್ಲೆಂಡಿನ ರಾಬರ್ಟ್ ಬೇಕ್‌ವೆಲ್ ಹುಟ್ಟಿದ್ದು 1725ರಲ್ಲಿ. ನಿಮ್ಮ ಆಟದ ದಾಳಿಕೋರರ ಕಾಲ 1603ರಲ್ಲಿ ಎರಡು ರಾಜ್ಯಗಳ ಕಿರೀಟ ಒಂದಾದ ಮೇಲೆ ಬೇಗನೆ ಮುಗಿದುಹೋಯಿತು. ಅವರು ಅಟ್ಟಿಕೊಂಡು ಹೋದ ದನಗಳಿಗೂ ಹೋಲ್‌ಸ್ಟೀನ್‌ಗೂ ಸಂಬಂಧವೇ ಇಲ್ಲ.

ಈಗ ಲೆಕ್ಕ ಹಾಕಿ. 28 ಮಿ.ಮೀ. ಫಿಗರ್ ಎಂದರೆ ಸರಿಸುಮಾರು 1:56. ನಿಜವಾದ ಎತ್ತರವನ್ನು ಸೆಂ.ಮೀ.ನಲ್ಲಿ ಇಟ್ಟುಕೊಂಡು 10ರಿಂದ ಗುಣಿಸಿ, 56ರಿಂದ ಭಾಗಿಸಿದರೆ ಮಿ.ಮೀ. ಸಿಗುತ್ತದೆ. 110 ಸೆಂ.ಮೀ. ದನ 19.6 ಮಿ.ಮೀ. ಆಗಬೇಕು. ಓ ಗೇಜ್‌ನ 1:43.5 ಅಳತೆಯ ಹೋಲ್‌ಸ್ಟೀನ್ 33 ಮಿ.ಮೀ. ನಿಲ್ಲುತ್ತದೆ. ನಿಮ್ಮ ಫಿಗರ್‌ಗಳ ಪಕ್ಕದಲ್ಲಿ ಅದು 187 ಸೆಂ.ಮೀ. ಎತ್ತರದ ಪ್ರಾಣಿ, ಕಾಡುದನ ಆರಾಕ್ಸ್‌ನ ಗೂಳಿ ಕೂಡ ಸಾಮಾನ್ಯವಾಗಿ ಅಷ್ಟು ಎತ್ತರ ಇರಲಿಲ್ಲ. 1:48 ತಗೊಂಡರೂ 30 ಮಿ.ಮೀ. ಬರುತ್ತದೆ, ಅಂದರೆ ದನದ ಬೆನ್ನು ಆಳಿನ ತಲೆಗೆ ಸಮ. "ಸ್ವಲ್ಪ ದೊಡ್ಡದು" ಎಂದು ಕಣ್ಣು ಅದನ್ನು ಕ್ಷಮಿಸುವುದಿಲ್ಲ.

ಅದೇ ಹೋಲ್‌ಸ್ಟೀನ್ 1:72ರಲ್ಲಿ 20.1 ಮಿ.ಮೀ., 1:76ರಲ್ಲಿ 19.1 ಮಿ.ಮೀ. ನಿಮಗೆ ಬೇಕಾದ ಎತ್ತರ ಇದೇ. ಆದ್ದರಿಂದ 28 ಮಿ.ಮೀ. ದನ ಹುಡುಕುವುದನ್ನೇ ಬಿಡಿ, 1:72 ಮತ್ತು 1:76 ಕಡೆ ನೋಡಿ. ಮಾದರಿ ತಯಾರಿಸುವ ಏರ್‌ಫಿಕ್ಸ್ ಕಂಪನಿಯ ಹಳೆಯ 'ಫಾರ್ಮ್ ಸ್ಟಾಕ್' ಸೆಟ್ ಈ ವರ್ಗದ್ದು. ಓಓ ಗೇಜ್ (1:76) ರೈಲುಮಾದರಿಯ ಪ್ರಾಣಿಗಳೂ ಅಷ್ಟೇ. 1:87, ಅಂದರೆ ಎಚ್‌ಓ, 16.7 ಮಿ.ಮೀ. ಕೊಡುತ್ತದೆ, ಪ್ರೈಸರ್‌ನಂಥ ಕಂಪನಿಗಳ ಎಚ್‌ಓ ದನಗಳನ್ನು ಕಡಸುಗಳಾಗಿ ಹಿಂಡಿನ ಮಧ್ಯೆ ಸೇರಿಸಿ. ಕುರಿಗೂ ಇದೇ ಸೂತ್ರ: 75 ಸೆಂ.ಮೀ.ನ ಇಂದಿನ ಕುರಿ 1:76ರಲ್ಲಿ 9.9 ಮಿ.ಮೀ. ಬರುತ್ತದೆ, ಅದು 1:56ರಲ್ಲಿ 55 ಸೆಂ.ಮೀ.ಗೆ ಸಮ. ಸ್ಕಾಟ್ಲೆಂಡಿನ ಪುರಾತನ ಸೋಯ್ ಕುರಿಯ ಎತ್ತರ ಹೆಚ್ಚುಕಡಿಮೆ ಅಷ್ಟೇ. ಆಟಿಕೆ ಪ್ರಾಣಿಗಳ ಕೊಳವೆ ಪ್ಯಾಕೆಟ್‌ಗಳಲ್ಲಿ ಮಾತ್ರ ದನವೂ ಕುರಿಯೂ ನಾಯಿಯೂ ಹೆಚ್ಚುಕಡಿಮೆ ಒಂದೇ ಗಾತ್ರ ಇರುತ್ತವೆ. ಅಲ್ಲಿ ಸ್ಕೇಲ್ ಕೇಳಿ ಉಪಯೋಗವಿಲ್ಲ, ಅಳತೆಪಟ್ಟಿ ಹಿಡಿದು ಭುಜದ ಎತ್ತರ ನೋಡಿ ಒಂದೊಂದನ್ನೇ ಆರಿಸಬೇಕು.

ಈ ಲೆಕ್ಕ ಎಲ್ಲ ಕಾಲಕ್ಕೂ ಎಲ್ಲ ನಾಡಿಗೂ ಒಗ್ಗದು. ಅಮೆರಿಕದ ಅಂತರ್ಯುದ್ಧದಲ್ಲಿ, 1864ರ ಸೆಪ್ಟೆಂಬರ್‌ನಲ್ಲಿ ವರ್ಜೀನಿಯಾದಲ್ಲಿ ದಕ್ಷಿಣದ ಸೇನಾನಿ ವೇಡ್ ಹ್ಯಾಂಪ್ಟನ್‌ನ ಕುದುರೆ ಸವಾರರು ಸುಮಾರು 2,500 ದನ ಹೊಡೆದುಕೊಂಡು ಹೋದ ದಾಳಿ ಆಡುವುದಾದರೆ ದನ ದೊಡ್ಡದಿರಲಿ. ದಕ್ಷಿಣ ಆಫ್ರಿಕಾದ 1879ರ ಜುಲು ಯುದ್ಧದ ಗಾಡಿಗೆ 16 ಅಥವಾ 18 ಎತ್ತು ಕಟ್ಟಬೇಕು, ಅವು ಎತ್ತರದ, ಉದ್ದ ಕೊಂಬಿನ ಎತ್ತುಗಳು. 1791ರಲ್ಲಿ ಶ್ರೀರಂಗಪಟ್ಟಣದ ಎದುರು ಎತ್ತುಗಳು ಸತ್ತದ್ದರಿಂದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ತನ್ನ ಭಾರಿ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂದಿರುಗಬೇಕಾಯಿತು. ಆ ಆಟಕ್ಕೆ ಹಿಣಿಲು, ಗಂಗೆದೊಗಲು ಇಲ್ಲದ ಎತ್ತು ಇಟ್ಟರೆ ಸೆಟ್ಟೇ ಸುಳ್ಳು. ಯುರೋಪಿನ ಎತ್ತಿಗೆ ಎಪಾಕ್ಸಿ ಪುಟ್ಟಿಯಿಂದ (ಎರಡು ಭಾಗ ಕಲಸಿದರೆ ಗಟ್ಟಿಯಾಗುವ ಕಣಕದಂಥದ್ದು) ಹಿಣಿಲು ಹಚ್ಚಬಹುದು: ಭುಜದ ಮೇಲೆ 4 ಮಿ.ಮೀ. ಉಂಡೆ, ಹಿಂದಕ್ಕೆ ಇಳಿಜಾರು. ನೊಗ ಅದರ ಮುಂದೆ ಕೂರಬೇಕು. ಸ್ಪೇನಿನ ಗಾಡಿಗಳಿಗಾದರೆ ನೊಗವನ್ನು ಕೊಂಬಿಗೇ ಬಿಗಿಯುತ್ತಿದ್ದರು, ಹಾಗಾಗಿ ಎತ್ತಿನ ತಲೆ ತಗ್ಗಿರಬೇಕು.

ನಿಮ್ಮ ಗಡಿ ದಾಳಿಗೆ ಬರೋಣ. ಪ್ಯಾಕೆಟ್ ತೆರೆದಾಗ ಸಿಗುವ ಪ್ರಾಣಿಗಳಲ್ಲಿ ಅರ್ಧದ ಹತ್ತಿರ ಮಲಗಿರುತ್ತವೆ ಅಥವಾ ಮೇಯುತ್ತಿರುತ್ತವೆ. ಕದ್ದು ಓಡಿಸುವ ಹಿಂಡಿನಲ್ಲಿ ಯಾವ ದನವೂ ಮಲಗುವುದಿಲ್ಲ. ಮಲಗಿದವನ್ನು ಹಟ್ಟಿಯ ಅಲಂಕಾರಕ್ಕೆ ಎತ್ತಿಡಿ; ನಿಂತವು, ನಡೆಯುವವು ಮಾತ್ರ ಹಿಂಡಿಗೆ. ಇದೊಂದು ಕಾರಣಕ್ಕೆ 20 ದನಕ್ಕೆ 35ರಷ್ಟು ಪ್ರಾಣಿ ಕೊಳ್ಳಬೇಕಾಗುತ್ತದೆ ಎಂದು ಲೆಕ್ಕವಿಡಿ.

ಮೊದಲು ಪ್ಲಾಸ್ಟಿಕ್ ಯಾವುದು ಎಂದು ತಿಳಿದುಕೊಳ್ಳಿ. ನೀರಿಗೆ ಹಾಕಿ: ತೇಲಿದರೆ ಪಾಲಿಥಿಲೀನ್. ಮುಳುಗಿದರೆ ಹೊಟ್ಟೆಯ ಕೆಳಗೆ ಪಾಲಿಸ್ಟೈರೀನ್ ಅಂಟಿನ ಒಂದು ಹನಿ ಇಡಿ. ಅಲ್ಲಿ ಕರಗಿದರೆ ಗಟ್ಟಿ ಪಾಲಿಸ್ಟೈರೀನ್, ಏನೂ ಆಗದೆ ಬಾಗುವ ಗುಣವಿದ್ದರೆ ಬಹುಪಾಲು ಪಿವಿಸಿ. ಗಟ್ಟಿಯದ್ದಕ್ಕೆ ಮಾದರಿಗಳಿಗೆಂದು ಮಾಡಿದ ಯಾವ ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳಪದರ) ಆದರೂ ಸರಿ. ಪಿವಿಸಿಗೆ ಡಬ್ಬಿಯ ಸ್ಪ್ರೇ ಪ್ರೈಮರ್ ಹೊಡೆಯಬೇಡಿ. ಮೆತ್ತಗಿರಲೆಂದು ಅದಕ್ಕೆ ಬೆರೆಸಿದ ಪದಾರ್ಥ ಸ್ಪ್ರೇಯ ದ್ರಾವಕದೊಂದಿಗೆ ಸೇರಿ ಬಣ್ಣದೊಳಕ್ಕೆ ಏರುತ್ತದೆ, ವಾರಗಳಾದರೂ ಮೈ ಜಿಗುಟು ಬಿಡುವುದಿಲ್ಲ, ಮೇಲಿಂದ ವಾರ್ನಿಶ್ ಹೊಡೆದರೆ ಅದೂ ಜಿಗುಟಾಗುತ್ತದೆ. ಸಾಬೂನು ನೀರಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆದು, ಒಣಗಿಸಿ, ನೀರಿನಲ್ಲಿ ಕರಗುವ ಅಕ್ರಿಲಿಕ್-ಪಾಲಿಯುರಿಥೇನ್ ಪ್ರೈಮರ್ ಅನ್ನು ಕುಂಚದಲ್ಲಿ ಎರಡು ತೆಳು ಪದರ ಹಚ್ಚಿ. ಪಾಲಿಥಿಲೀನ್ ಇನ್ನೂ ಹಠಮಾರಿ: ಸಾಮಾನ್ಯ ಅಂಟು ಯಾವುದೂ ಗಟ್ಟಿಯಾಗಿ ಹಿಡಿಯದು. ನೀರು ಬೆರೆಸಿದ ಪಿವಿಎ (ಬಿಳಿ ಮರಗೆಲಸದ) ಅಂಟಿನ ಒಂದು ಪದರ ಮೊದಲು, ಆಮೇಲೆ ಬಣ್ಣ. ಕಾಲು ಬಾಗಿದಲ್ಲೆಲ್ಲ ಬಣ್ಣ ಬಿರಿಯುವುದರಿಂದ ಬಣ್ಣಕ್ಕೆ ಮುಂಚೆಯೇ ನಾಲ್ಕೂ ಗೊರಸನ್ನು ಗಟ್ಟಿ ಬೇಸಿಗೆ (ಮಾದರಿ ನಿಲ್ಲುವ ಅಡಿತಟ್ಟೆಗೆ) ತಂತಿಯಿಂದ ಚುಚ್ಚಿ ನಿಲ್ಲಿಸಿ.

ಸೊಟ್ಟಗಾದ ಪಿವಿಸಿ ಕಾಲನ್ನು ಕುದಿಯುವ ಹಂತದ ನೀರಲ್ಲಿ ಅರ್ಧ ನಿಮಿಷ ಅದ್ದಿ, ನೇರ ಮಾಡಿ, ಹಾಗೇ ಹಿಡಿದು ತಣ್ಣೀರಿಗೆ ಇಳಿಸಿ. ಬೆರಳು ಸುಡುತ್ತದೆ, ಚಿಮಟ ಬಳಸಿ.

ಇನ್ನು ಹೋಲ್‌ಸ್ಟೀನನ್ನು ಹಳೆಯ ಗಡಿನಾಡಿನ ದನ ಮಾಡುವ ಕೆಲಸ. ಬಣ್ಣಕ್ಕಿಂತ ಆಕಾರ ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ಆಕಾರ ತಪ್ಪಿದರೆ ಎಂಥ ಬಣ್ಣ ಬಳಿದರೂ ಹಾಲಿನ ಡೇರಿಯ ಹಸುವೇ ಕಾಣುತ್ತದೆ. ಮೊದಲು ಕೆಚ್ಚಲು ಕತ್ತರಿಸಿ. ಈ ಮಾದರಿಗಳಲ್ಲಿ ಅದು ಮೊಣಕಾಲಿನವರೆಗೆ ಜೋತಿರುತ್ತದೆ, ಆ ಕಾಲದ ಹಸುವಿನದು ಅದಕ್ಕಿಂತ ತುಂಬ ಚಿಕ್ಕದು. ಕಟರ್‌ನಿಂದ ಒಂದೇ ಸಲ ಕಚ್ಚಬೇಡಿ, ಹೊಟ್ಟೆಯ ಚೂರೂ ಕಿತ್ತುಬರುತ್ತದೆ. ಹೊಸ ಬ್ಲೇಡಿನಿಂದ ಪದರ ಪದರವಾಗಿ ಕೆತ್ತಿ. ಪಿವಿಸಿಯನ್ನು ಅರದಿಂದ ಉಜ್ಜಿದರೆ ನೂಲುನೂಲಾಗಿ ಏಳುತ್ತದೆ, ಆದ್ದರಿಂದ ಉಳಿದ ಒರಟನ್ನು ಪುಟ್ಟಿಯಿಂದ ಮುಚ್ಚುವುದೇ ಸಲೀಸು. ಹಿಂಡಿನಲ್ಲಿ ನಾಲ್ಕೈದು ಹಸುಗಳಿಗೆ ಮಾತ್ರ ಸಣ್ಣ ಕೆಚ್ಚಲು ಬಿಡಿ.

ಆಮೇಲೆ ಕೊಂಬು. ಹೆಚ್ಚಿನ ಮಾದರಿಗಳಿಗೆ ಕೊಂಬೇ ಇರುವುದಿಲ್ಲ, ಇದ್ದರೂ ಮೊಂಡು. ಕೈ ಡ್ರಿಲ್‌ನಿಂದ ಕಿವಿಗಳ ಮೇಲೆ ನೆತ್ತಿಯಲ್ಲಿ ಅಡ್ಡಕ್ಕೆ 0.6 ಮಿ.ಮೀ. ತೂತು ಕೊರೆದು, 0.5 ಮಿ.ಮೀ. ಹಿತ್ತಾಳೆ ತಂತಿಯ 13–14 ಮಿ.ಮೀ. ತುಂಡನ್ನು ತೂರಿಸಿ, ಸೂಪರ್ ಗ್ಲೂ ಒಂದು ಚುಕ್ಕೆ ಹಾಕಿ. ಎರಡೂ ಕಡೆ 5 ಮಿ.ಮೀ. ಉಳಿಯುತ್ತದೆ, ನಿಜದಲ್ಲಿ 28 ಸೆಂ.ಮೀ. ಕೊಂಬು. ಮೊದಲು ಮುಂದಕ್ಕೆ, ನಂತರ ಮೇಲಕ್ಕೆ ಬಾಗಿಸಿ. ಬುಡದಲ್ಲಿ 1 ಮಿ.ಮೀ. ದಪ್ಪ ಬರುವಂತೆ ಪುಟ್ಟಿ ಸುತ್ತಿ ತುದಿಯ ಕಡೆಗೆ ಎಳೆಯಿರಿ. ಎಪಾಕ್ಸಿ ಪುಟ್ಟಿಯ ಎರಡು ಭಾಗ ಸಮ ಕಲಸಿದರೆ ಒಂದು ಗಂಟೆಯಷ್ಟು ಕೆಲಸಕ್ಕೆ ಬಗ್ಗುತ್ತದೆ, ಹಾಗಾಗಿ ಎಲ್ಲ ದನಗಳಿಗೂ ತಂತಿ ಹಾಕಿಟ್ಟುಕೊಂಡು ಪುಟ್ಟಿ ಕಲಸಿ. ಬೆರಳಿಗೆ ನೀರು ಹಚ್ಚಿಕೊಳ್ಳದಿದ್ದರೆ ಕೊಂಬಿನ ಬದಲು ನಿಮಗೇ ಅಂಟುತ್ತದೆ.

ನಾಲ್ಕು ಭಂಗಿಯಿಂದ ಇಪ್ಪತ್ತು ದನ ಮಾಡುವುದಕ್ಕೆ ಕತ್ತು ತಿರುಗಿಸುವುದೊಂದೇ ಸಾಕು. ತೆಳು ಗರಗಸದಿಂದ ಕತ್ತನ್ನು ಓರೆಯಾಗಿ ಕೊಯ್ದು, 20–30 ಡಿಗ್ರಿ ಹೊರಳಿಸಿ, ತಂತಿಯಿಂದ ಬೆಸೆದು, ಸಂದಿಗೆ ಪುಟ್ಟಿ ತುಂಬಿ. ಓರೆಯಾಗಿ ಕೊಯ್ದರೆ ತಲೆ ತಿರುಗುವುದರ ಜೊತೆಗೆ ಎತ್ತರವೂ ಬದಲಾಗುತ್ತದೆ, ಒಂದೇ ಅಚ್ಚಿನವು ಎಂದು ಗೊತ್ತಾಗುವುದಿಲ್ಲ.

ಕುರಿಗೆ ಇಷ್ಟು ಕಷ್ಟ ಬೇಡ. ಕಪ್ಪು ಮುಖದ, ಕೊಂಬಿಲ್ಲದ, ಪೀಪಾಯಿ ಮೈಯ ಸಫಕ್ ಮಾದರಿಯವನ್ನು ಬಿಡಿ, ಅದು 19ನೇ ಶತಮಾನದ ತಳಿ. ಉಳಿದವುಗಳಲ್ಲಿ ಆರಕ್ಕೊಂದಕ್ಕೆ ಪುಟ್ಟಿಯ ಸುರುಳಿ ಕೊಂಬು ಹಚ್ಚಿ ಟಗರು ಮಾಡಿ.

ಬಣ್ಣದಲ್ಲಿ ಆಗುವ ದೊಡ್ಡ ಎಡವಟ್ಟು ಶುದ್ಧ ಕಪ್ಪು, ಶುದ್ಧ ಬಿಳಿ. ಆ ಕಡೆಯ ದನಗಳಲ್ಲಿ ಕಪ್ಪು ಹೆಚ್ಚು. 20ರಲ್ಲಿ 12 ಕಪ್ಪು, 4 ಕಡುಕಂದು, 2 ಕೆಂಪು, 2 ಬೂದು ಇಡಿ. ಕಪ್ಪಿಗೆ ಕಡುಕಂದು ಬೆರೆಸಿ ಬಳಿದು, ಬೆನ್ನಿನ ಮೇಲೆ ತುಕ್ಕು ಬಣ್ಣದ ಡ್ರೈಬ್ರಷ್ (ಬಣ್ಣ ಒರೆಸಿ ಬಹುತೇಕ ಒಣಗಿಸಿದ ಕುಂಚ) ಹಗುರವಾಗಿ ಎಳೆಯಿರಿ. ಕುರಿಗೆ ಮಾಸಲು ಕೆನೆ ಬಣ್ಣ, ಮೇಲೆ ತೆಳು ಕಂದು ನೀರು, ಒಣಗಿದ ಮೇಲೆ ಬೆನ್ನಿಗಷ್ಟೇ ತಿಳಿ ಡ್ರೈಬ್ರಷ್. ಕೆಲವನ್ನು ಪೂರ್ತಿ ಕಂದು ಮಾಡಿ. ಕಣ್ಣಿಗೆ ಕಪ್ಪು ಚುಕ್ಕೆ ಸಾಕು, ಬಿಳಿ ಇಟ್ಟರೆ ದನ ಬೆಚ್ಚಿಬಿದ್ದ ಹಾಗೆ ಕಾಣುತ್ತದೆ. ಕೊನೆಗೆ ಹೊಳಪಿಲ್ಲದ ಮ್ಯಾಟ್ ವಾರ್ನಿಶ್, ಮೂಗಿನ ತುದಿಗೆ ಮಾತ್ರ ಹೊಳಪಿನದು.

ಬೇಸ್ ವಿಷಯದಲ್ಲಿ ಎಲ್ಲರೂ ಒಂದೊಂದು ದನಕ್ಕೆ ಒಂದೊಂದು ದುಂಡು ಬೇಸ್ ಹಾಕುತ್ತಾರೆ. ನನಗೆ ಅದು ಸುತಾರಾಂ ಇಷ್ಟವಿಲ್ಲ. ಇಪ್ಪತ್ತು ದನವನ್ನು ಪ್ರತಿ ಸರದಿಗೆ ಒಂದೊಂದಾಗಿ ಸರಿಸುವಷ್ಟರಲ್ಲಿ ಎದುರಾಳಿಗೆ ನಿದ್ದೆ ಬಂದಿರುತ್ತದೆ. 80×60 ಮಿ.ಮೀ. ಬೇಸಿನ ಮೇಲೆ 4–5 ದನ, ಒತ್ತಾಗಿ, ಮೈಗೆ ಮೈ ತಾಗುವಂತೆ, ಎಲ್ಲದರ ಮೂತಿ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ. ಇಂಥ ಮೂರು ಬೇಸ್, ಉಳಿದ ಐದಾರು ದನ ಬಿಡಿಬಿಡಿ. ಗುಂಡಿನ ಸದ್ದಿಗೆ ಹಿಂಡು ಚದುರಿದಾಗ ಅವು ಕೆಲಸಕ್ಕೆ ಬರುತ್ತವೆ. ದನ ಹೊಡೆಯುವವನು ಹಿಂದೆ ಅಥವಾ ಪಕ್ಕದಲ್ಲಿರಲಿ. ಬೇಸಿನ ದಪ್ಪ ನಿಮ್ಮ ಸೈನಿಕರ ಬೇಸಿನಷ್ಟೇ ಇರಬೇಕು: ಆಳು 3 ಮಿ.ಮೀ. ಬೇಸಿನ ಮೇಲೆ, ದನ 1 ಮಿ.ಮೀ. ಹಾಳೆಯ ಮೇಲೆ ನಿಂತರೆ ಅಷ್ಟೆಲ್ಲ ಲೆಕ್ಕ ಹಾಕಿದ ಎತ್ತರ ಅಲ್ಲೇ ಹಾಳು. ಮಾಡಿದ ಮೇಲೆ ನಿಮ್ಮ ಹಟ್ಟಿಯ ಗೇಟಿನಲ್ಲಿ ಬೇಸ್ ತೂರುತ್ತದೆಯೇ ನೋಡಿ, 60 ಮಿ.ಮೀ. ಅಗಲ ಎಷ್ಟೋ ಗೇಟುಗಳಲ್ಲಿ ಹೋಗದು.

ತ್ರೀಡಿ ಪ್ರಿಂಟರ್ ಇದ್ದರೆ ಅರ್ಧ ಕೆಲಸ ಮಾಯ. 1:72ಕ್ಕೆಂದು ಮಾಡಿದ ಹಳೆಯ ತಳಿಯ ಎಸ್‌ಟಿಎಲ್ ಫೈಲನ್ನು (ಪ್ರಿಂಟರ್‌ಗೆ ಕೊಡುವ ಆಕಾರದ ಫೈಲನ್ನು) 1:56ಕ್ಕೆ ತರಲು 128.6 ಶೇಕಡಾ ಹಾಕಿ. ಆಧುನಿಕ ತಳಿಯಾದರೆ ಶೇಕಡಾ ಮರೆತುಬಿಡಿ, ಭುಜದ ಎತ್ತರ 19–20 ಮಿ.ಮೀ. ಬರುವಂತೆ ಹೊಂದಿಸಿ. ಕಾಲಿನ ದಪ್ಪ 1.2 ಮಿ.ಮೀ.ಗಿಂತ ಕಮ್ಮಿಯಾದರೆ ಮುದ್ರಿಸುವಾಗ ಆಧಾರಕ್ಕಿದ್ದ ಸಪೋರ್ಟ್ ಕೀಳುವಾಗಲೇ ಮುರಿಯುತ್ತದೆ.

ಹಂದಿ ಆರೂ ಬೇಡ. ದೂರ ಅಟ್ಟಿಕೊಂಡು ಹೋಗಲು ಹಂದಿ ಒಳ್ಳೆಯ ಪ್ರಾಣಿ ಅಲ್ಲ, ರಾತ್ರಿಯಲ್ಲಂತೂ ಅಲ್ಲವೇ ಅಲ್ಲ. ಇಡಲೇಬೇಕೆಂದರೆ ಎರಡನ್ನು ಹಟ್ಟಿಯಲ್ಲಿ ಬಿಡಿ: ಜೋಲು ಕಿವಿಯ ಗುಲಾಬಿ ಹಂದಿಯ ಕಿವಿ ಚೂಪಾಗಿ ಕತ್ತರಿಸಿ, ಬೆನ್ನಹುರಿಯ ಉದ್ದಕ್ಕೂ ಪುಟ್ಟಿಯ ಏಣು ಎಳೆದು ಸೂಜಿಯಿಂದ ಕೂದಲು ಗೀರಿ, ಕಡುಕಂದು ಬಳಿಯಿರಿ. ಆ ಜಾಗಕ್ಕೆ ನಾಲ್ಕು ಆಡು ತಗೊಳ್ಳಿ, ಅವು ಹಿಂಡಿನ ಜೊತೆ ನಡೆಯುತ್ತವೆ.